ತಂತ್ರಾಂಶ ಭಂಡಾರ ಮತ್ತು ಪ್ರೊಸೆಸರ್‌ಗಳ ಭಾಷೆ

ಲಿನಕ್ಸ್ ಬಳಸುವವರು ಹೊಸ ತಂತ್ರಾಂಶ ಬೇಕಾದಾಗ ಅದನ್ನು ಜಾಲತಾಣದಿಂದ ಜಾಲತಾಣಕ್ಕೆ ಹುಡುಕುತ್ತ ಹೋಗುವುದು ಕಡಿಮೆ. ‘ಆಪ್ಟ್ ಇನ್‌ಸ್ಟಾಲ್’ ಎಂದು ಟೈಪು ಮಾಡಿ, ಮುಂದೆ ತಂತ್ರಾಂಶದ ಹೆಸರು ಬರೆದರೆ ಸಾಕು. ಗಣಕವು ಅಂತರಜಾಲದ ಮೂಲಕ ಒಂದು ಭಂಡಾರವನ್ನು ಸಂಪರ್ಕಿಸಿ, ಕೇಳಿದ ಪ್ಯಾಕೇಜನ್ನೂ ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳನ್ನೂ ತಂದು ಸ್ಥಾಪಿಸಿಕೊಳ್ಳುತ್ತದೆ. ಡೆಬಿಯನ್, ಅದನ್ನು ಆಧರಿಸಿದ ಉಬುಂಟು, ರಾಸ್ಪ್‌ಬೆರಿ ಪೈ ಓಎಸ್ ಇವೆಲ್ಲವೂ ನಡೆಯುವುದು ಹೀಗೆಯೇ.

ಈ ಸೌಕರ್ಯ ಎಷ್ಟು ಸರಾಗವೆಂದರೆ ಒಂದು ಪ್ರಶ್ನೆ ನಮ್ಮ ಮನಸ್ಸಿಗೆ ಬರುವುದೇ ಇಲ್ಲ. ಮೇಜಿನ ಮೇಲಿರುವ ಗಣಕದ ಪ್ರೊಸೆಸರ್ ಬೇರೆ, ಅಂಗೈಯಗಲದ ರಾಸ್ಪ್‌ಬೆರಿ ಪೈ ಫಲಕದ ಪ್ರೊಸೆಸರ್ ಬೇರೆ. ಎರಡಕ್ಕೂ ನಾವು ಕೊಡುವ ಆದೇಶ ಒಂದೇ. ಆದರೂ ಎರಡಕ್ಕೂ ಅವವಕ್ಕೆ ತಕ್ಕ ತಂತ್ರಾಂಶವೇ ಬರುತ್ತದೆ. ಯಾವ ಯಂತ್ರಕ್ಕೆ ಯಾವುದು ಎಂದು ನಿರ್ಧರಿಸುವವರು ಯಾರು?

ಒಂದೇ ಗಣಕದಲ್ಲಿ ಎರಡು ಬಗೆಯ ಪ್ರೊಸೆಸರ್‌ಗಳ ತಂತ್ರಾಂಶವನ್ನು ಇಟ್ಟುಕೊಳ್ಳಬೇಕಾದಾಗ ಈ ಪ್ರಶ್ನೆಗೆ ಉತ್ತರ ತಿಳಿದಿರಲೇಬೇಕು. ಕಾಲೇಜಿನ ಪ್ರಯೋಗಾಲಯವೊಂದನ್ನು ಊಹಿಸಿಕೊಳ್ಳಿ. ಹತ್ತು ರಾಸ್ಪ್‌ಬೆರಿ ಪೈ ಫಲಕಗಳು ಉಷ್ಣತೆ, ವೋಲ್ಟೇಜುಗಳನ್ನು ಅಳೆದು ದಾಖಲಿಸುತ್ತಿವೆ. ಅವುಗಳಲ್ಲಿ ನಡೆಯಬೇಕಾದ ಪ್ರೋಗ್ರಾಮನ್ನು ಹೆಚ್ಚು ವೇಗದ ಮೇಜುಗಣಕದಲ್ಲಿ ಸಿದ್ಧಪಡಿಸುವುದು ಅನುಕೂಲ. ಹಾಗೆ ಮಾಡಲು ಪೈ ಫಲಕಕ್ಕೆ ಬೇಕಾದ ಲೈಬ್ರರಿಗಳು ಮೇಜುಗಣಕದಲ್ಲೂ ಇರಬೇಕು. ಆಗ ಭಂಡಾರದ ವಿವರಗಳನ್ನು ಸರಿಯಾಗಿ ಬರೆಯದಿದ್ದರೆ ದೋಷ ಸಂದೇಶಗಳು ಸಾಲುಗಟ್ಟುತ್ತವೆ. ಕೆಲವೊಮ್ಮೆ ಚೆನ್ನಾಗಿ ನಡೆಯುತ್ತಿದ್ದ ಗಣಕವೇ ಕೆಡುತ್ತದೆ. ಇದನ್ನು ತಪ್ಪಿಸುವುದು ಕಷ್ಟವಲ್ಲ. ಆದರೆ ಆದೇಶಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಭಂಡಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಮೇಲು.

ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡಬೇಕು.

ಪ್ರತಿ ಪ್ರೊಸೆಸರ್‌ಗೂ ಅದರದೇ ಭಾಷೆ

ಪ್ರೊಸೆಸರ್‌ಗೆ ಅರ್ಥವಾಗುವುದು ಸಂಖ್ಯೆಗಳು ಮಾತ್ರ. ಯಾವ ಸಂಖ್ಯೆ ಬಂದರೆ ಯಾವ ಕೆಲಸ ಮಾಡಬೇಕು ಎಂಬ ಒಪ್ಪಂದವೇ ಆ ಪ್ರೊಸೆಸರ್‌ನ ಸೂಚನಾ ಸಮೂಹ. ಸೂಚನಾ ಸಮೂಹ, ರಿಜಿಸ್ಟರ್‌ಗಳ ವ್ಯವಸ್ಥೆ, ಸ್ಮೃತಿಯ ವಿಳಾಸದ ಉದ್ದ ಮೊದಲಾದುವನ್ನೆಲ್ಲ ಒಟ್ಟಾಗಿ ಆರ್ಕಿಟೆಕ್ಚರ್ ಎನ್ನುತ್ತಾರೆ. ನಾವು ಅದನ್ನು ವಿನ್ಯಾಸ ಎಂದು ಕರೆಯೋಣ.

ಒಂದು ಸರಳ ಉದಾಹರಣೆ ನೋಡಿ. ‘ಒಂದು ರಿಜಿಸ್ಟರ್‌ನಲ್ಲಿ 5 ಎಂಬ ಸಂಖ್ಯೆಯನ್ನು ಇಡು’ ಎಂದು ಹೇಳಬೇಕಾಗಿದೆ. ಇಂಟೆಲ್ ಅಥವಾ ಎಎಂಡಿ ಸಂಸ್ಥೆಯ 64 ಬಿಟ್ ಪ್ರೊಸೆಸರ್‌ಗೆ ಇದನ್ನು 184, 5, 0, 0, 0 ಎಂಬ ಐದು ಬೈಟ್‌ಗಳಲ್ಲಿ ಹೇಳಬಹುದು. ಮೊದಲ ಬೈಟ್ ಕೆಲಸವನ್ನೂ ರಿಜಿಸ್ಟರನ್ನೂ ಸೂಚಿಸುತ್ತದೆ. ಉಳಿದ ನಾಲ್ಕು ಬೈಟ್‌ಗಳಲ್ಲಿ 5 ಇದೆ. ಇದೇ ಮಾತನ್ನು 64 ಬಿಟ್ ಆರ್ಮ್ ಪ್ರೊಸೆಸರ್‌ಗೆ 160, 0, 128, 82 ಎಂದು ಹೇಳಬೇಕು. ಇಲ್ಲಿ 5 ಎಲ್ಲಿದೆ? ಅದು ಐದು ಬಿಟ್‌ಗಳಷ್ಟು ಎಡಕ್ಕೆ ಸರಿದಿದೆ, ಅಂದರೆ 32ರಿಂದ ಗುಣಿಸಲ್ಪಟ್ಟು 160 ಆಗಿ ಕುಳಿತಿದೆ. ರಿಸ್ಕ್-ವಿ ಪ್ರೊಸೆಸರ್‌ಗಾದರೆ 19, 5, 80, 0. ಇದರಲ್ಲಿ ಕಾಣುವ 5 ನಮ್ಮ 5 ಅಲ್ಲ! ಅದು ಹತ್ತನೆಯ ರಿಜಿಸ್ಟರ್‌ನ ಸಂಖ್ಯೆಯ ಅಂಶ. ನಮ್ಮ 5 ಇರುವುದು 80ರಲ್ಲಿ, 16ರಿಂದ ಗುಣಿಸಿದ ರೂಪದಲ್ಲಿ.

ಒಂದು ವಿನ್ಯಾಸಕ್ಕೆ ಬರೆದ ಸಂಖ್ಯೆಗಳ ಸಾಲು ಇನ್ನೊಂದಕ್ಕೆ ಅರ್ಥಹೀನ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಒಂದೇ ಮೂಲ ಪ್ರೋಗ್ರಾಮನ್ನು ಪ್ರತಿ ವಿನ್ಯಾಸಕ್ಕೂ ಪ್ರತ್ಯೇಕವಾಗಿ ಕಂಪೈಲ್ ಮಾಡಿ, ಪ್ರತ್ಯೇಕ ಪ್ಯಾಕೇಜು ಕಟ್ಟಬೇಕಾಗುತ್ತದೆ.

ಪ್ಯಾಕೇಜಿನ ಮೇಲಿನ ಚೀಟಿ

ಡೆಬಿಯನ್ ಪ್ಯಾಕೇಜಿನಲ್ಲಿ ಎರಡು ಭಾಗಗಳಿವೆ. ಒಂದರಲ್ಲಿ ಸ್ಥಾಪಿಸಬೇಕಾದ ಕಡತಗಳು, ಇನ್ನೊಂದರಲ್ಲಿ ಪ್ಯಾಕೇಜಿನ ವಿವರಗಳು. ಹೆಸರು, ಆವೃತ್ತಿ, ಯಾವ ಯಾವ ಪ್ಯಾಕೇಜುಗಳು ಜೊತೆಗಿರಬೇಕು ಎಂಬುವುಗಳ ಜೊತೆಗೆ ವಿವರಗಳಲ್ಲಿ ‘ಆರ್ಕಿಟೆಕ್ಚರ್’ ಎಂಬ ಒಂದು ಸಾಲು ಇರುತ್ತದೆ. ಅಳತೆಯ ಅಂಕಿಗೆ ಮಾನ ಹೇಗೋ ಪ್ಯಾಕೇಜಿಗೆ ಈ ಸಾಲು ಹಾಗೆ. ಬರಿಯ 5 ಎಂದರೆ ಅದು ಮೀಟರೋ ಸೆಕೆಂಡೋ ತಿಳಿಯುವುದಿಲ್ಲವಷ್ಟೆ.

ಈ ಸಾಲಿನಲ್ಲಿ ಬರುವ ಹೆಸರುಗಳನ್ನು ಪರಿಚಯ ಮಾಡಿಕೊಳ್ಳಿ. ‘ಐ386’ ಎಂಬುದು 32 ಬಿಟ್ ಇಂಟೆಲ್ ವಿನ್ಯಾಸ. 1985ರ 80386 ಪ್ರೊಸೆಸರ್‌ನಿಂದ ಬಂದ ಹೆಸರು. ‘ಎಎಂಡಿ64’ ಎಂಬುದು ಅದರ 64 ಬಿಟ್ ವಿಸ್ತರಣೆ. ಇದನ್ನು ಆಪ್ಟೆರಾನ್ ಪ್ರೊಸೆಸರ್ ಮೂಲಕ 2003ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಎಎಂಡಿ ಸಂಸ್ಥೆಯಾದ್ದರಿಂದ ಈ ಹೆಸರು. ನಿಮ್ಮ ಗಣಕದಲ್ಲಿರುವುದು ಇಂಟೆಲ್ ಪ್ರೊಸೆಸರ್ ಆದರೂ ಬೇಕಾದದ್ದು ಎಎಂಡಿ64 ಪ್ಯಾಕೇಜೇ. ಹೆಸರು ನೋಡಿ ಗಾಬರಿಯಾಗಬೇಕಿಲ್ಲ. ‘ಆರ್ಮ್64’ ಎಂಬುದು 64 ಬಿಟ್ ಆರ್ಮ್, ‘ಆರ್ಮ್‌ಎಚ್‌ಎಫ್’ ಎಂಬುದು ದಶಮಾಂಶ ಗಣಿತಕ್ಕೆ ಪ್ರತ್ಯೇಕ ಯಂತ್ರಾಂಶವಿರುವ 32 ಬಿಟ್ ಆರ್ಮ್, ‘ರಿಸ್ಕ್‌ವಿ64’ ಎಂಬುದು 64 ಬಿಟ್ ರಿಸ್ಕ್-ವಿ. ಫೆಡೋರಾ ಮೊದಲಾದ ಆರ್‌ಪಿಎಂ ಬಳಸುವ ವ್ಯವಸ್ಥೆಗಳಲ್ಲಿ ಎಎಂಡಿ64ಕ್ಕೆ ‘ಎಕ್ಸ್86_64’ ಎಂದೂ ಆರ್ಮ್64ಕ್ಕೆ ‘ಎಆರ್ಚ್64’ ಎಂದೂ ಹೆಸರು. ಹೆಸರು ಬೇರೆ, ವಿನ್ಯಾಸ ಒಂದೇ.

ಇವೆಲ್ಲದರ ಜೊತೆಗೆ ‘ಆಲ್’ ಎಂಬ ಇನ್ನೊಂದು ಚೀಟಿಯೂ ಉಂಟು. ಪ್ರೊಸೆಸರ್‌ನ ಸೂಚನೆಗಳೇ ಇಲ್ಲದ ಪ್ಯಾಕೇಜುಗಳಿಗೆ ಇದನ್ನು ಅಂಟಿಸುತ್ತಾರೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೊದಲಾದ ಕನ್ನಡ ಅಕ್ಷರ ವಿನ್ಯಾಸಗಳ ಪ್ಯಾಕೇಜುಗಳು ಈ ಬಗೆಯವು. ಅಕ್ಷರಗಳ ರೂಪರೇಖೆ ಎಲ್ಲ ಗಣಕಗಳಿಗೂ ಒಂದೇ ಅಲ್ಲವೆ? ಆದರೆ ‘ಸ್ತ್ರೀ’ ಎಂದು ಟೈಪು ಮಾಡಿದಾಗ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ‘ಹಾರ್ಫ್‌ಬಜ್’ ಎಂಬ ಲೈಬ್ರರಿಯದು. ಅದು ನಡೆಯುವ ಪ್ರೋಗ್ರಾಮು. ಹಾಗಾಗಿ ಪ್ರತಿ ವಿನ್ಯಾಸಕ್ಕೂ ಅದರ ಪ್ಯಾಕೇಜು ಬೇರೆ ಬೇರೆ.

ಚೀಟಿ ತಪ್ಪಿಹೋದರೂ ಕೊನೆಯ ತಪಾಸಣೆ ಒಂದಿದೆ. ಲಿನಕ್ಸ್‌ನಲ್ಲಿ ನಡೆಯುವ ಪ್ರತಿ ಪ್ರೋಗ್ರಾಮಿನ ಕಡತ ಇಎಲ್‌ಎಫ್ ಎಂಬ ಮಾದರಿಯಲ್ಲಿರುತ್ತದೆ. ಅದರ ಮೊದಲ ಬೈಟ್ 127. ಮುಂದಿನ ಮೂರು ಬೈಟ್‌ಗಳು ಇ, ಎಲ್, ಎಫ್ ಅಕ್ಷರಗಳು. ಮುಂದೆ 19ನೆಯ ಬೈಟಿನಿಂದ ಆರಂಭವಾಗುವ ಎರಡು ಬೈಟ್‌ಗಳಲ್ಲಿ ವಿನ್ಯಾಸದ ಸಂಕೇತ ಇರುತ್ತದೆ. ಅಲ್ಲಿ 62 ಇದ್ದರೆ ಎಎಂಡಿ64, 183 ಇದ್ದರೆ ಆರ್ಮ್64, 243 ಇದ್ದರೆ ರಿಸ್ಕ್-ವಿ. ತನ್ನದಲ್ಲದ ಸಂಕೇತವನ್ನು ಕಂಡರೆ ಲಿನಕ್ಸ್ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಹೇಳಿ ನಿಲ್ಲುತ್ತದೆ. ಆರ್ಮ್ ಪ್ಯಾಕೇಜನ್ನು ಮೇಜುಗಣಕದಲ್ಲಿ ನಡೆಸಲು ಹೋದವರು ಈ ಸಂದೇಶವನ್ನು ಕಂಡಿರುತ್ತಾರೆ.

ಭಂಡಾರದ ಒಳಗೆ

ಭಂಡಾರ ಎಂಬುದು ವಾಸ್ತವವಾಗಿ ಸರ್ವರ್ ಒಂದರಲ್ಲಿ ಕ್ರಮವಾಗಿ ಜೋಡಿಸಿಟ್ಟ ಕಡತಗಳು, ಅಷ್ಟೆ. ಅದರಲ್ಲಿ ಎರಡು ಮುಖ್ಯ ಕಡತಕೋಶಗಳಿವೆ. ‘ಪೂಲ್’ ಎಂಬುದರಲ್ಲಿ ಎಲ್ಲ ವಿನ್ಯಾಸಗಳ ಪ್ಯಾಕೇಜುಗಳೂ ಒಟ್ಟಾಗಿರುತ್ತವೆ. ಪ್ರತಿ ಕಡತದ ಹೆಸರಿನ ಕೊನೆಯಲ್ಲೂ ಅದರ ವಿನ್ಯಾಸದ ಹೆಸರು ಇರುತ್ತದೆ. ‘ಡಿಸ್ಟ್ಸ್’ ಎಂಬುದರಲ್ಲಿ ಇರುವುದು ಪಟ್ಟಿಗಳು. ಇಲ್ಲಿ ವಿನ್ಯಾಸಗಳು ಬೇರ್ಪಡುತ್ತವೆ. ‘ಬೈನರಿ-ಎಎಂಡಿ64’ ಎಂಬಲ್ಲಿ ಎಎಂಡಿ64 ಪ್ಯಾಕೇಜುಗಳ ಪಟ್ಟಿ, ‘ಬೈನರಿ-ಆರ್ಮ್64’ ಎಂಬಲ್ಲಿ ಆರ್ಮ್64 ಪ್ಯಾಕೇಜುಗಳ ಪಟ್ಟಿ.

ಈ ಪಟ್ಟಿಗಳಿಗೆಲ್ಲ ಮೇಲೆ ‘ರಿಲೀಸ್’ ಎಂಬ ಕಡತವಿದೆ. ಈ ಆವೃತ್ತಿಯಲ್ಲಿ ಯಾವ ಯಾವ ವಿನ್ಯಾಸಗಳಿವೆ, ಪ್ರತಿ ಪಟ್ಟಿಯ ಗಾತ್ರವೆಷ್ಟು, ಅದರ ಎಸ್‌ಎಚ್‌ಎ256 ಮೊತ್ತವೇನು ಎಂಬುದು ಅದರಲ್ಲಿರುತ್ತದೆ. ಈ ಕಡತಕ್ಕೆ ಭಂಡಾರದವರ ಡಿಜಿಟಲ್ ಸಹಿ ಇರುತ್ತದೆ. ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ಎಸ್‌ಎಚ್‌ಎ256 ಮೊತ್ತ ಇರುವುದರಿಂದ ಒಂದೇ ಸಹಿ ಸಹಸ್ರಾರು ಪ್ಯಾಕೇಜುಗಳ ಸಾಚಾತನಕ್ಕೆ ಹೊಣೆಯಾಗುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಬೈಟ್ ಬದಲಿಸಿದರೂ ಮೊತ್ತ ಹೊಂದುವುದಿಲ್ಲ.

‘ಆಪ್ಟ್ ಅಪ್‌ಡೇಟ್’ ಎಂದಾಗ ನಡೆಯುವುದು ಇಷ್ಟು. ಗಣಕವು ಮೊದಲು ರಿಲೀಸ್ ಕಡತವನ್ನು ತಂದು ಸಹಿಯನ್ನು ಪರೀಕ್ಷಿಸುತ್ತದೆ. ಆಮೇಲೆ ತನಗೆ ಬೇಕಾದ ವಿನ್ಯಾಸದ ಪಟ್ಟಿಯನ್ನು ಮಾತ್ರ ತರುತ್ತದೆ. ತನ್ನ ವಿನ್ಯಾಸ ಯಾವುದು ಎಂಬುದು ಪ್ಯಾಕೇಜು ನಿರ್ವಾಹಕನಾದ ‘ಡಿಪಿಕೆಜಿ’ಗೆ ಗೊತ್ತು. ನೀವೂ ‘ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್’ ಎಂದು ಕೇಳಿ ತಿಳಿಯಬಹುದು. ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ನಿರ್ಧರಿಸುವುದು ಭಂಡಾರವಲ್ಲ, ಕೇಳುವ ಗಣಕ.

ಇದಕ್ಕಾಗಿ ‘ಯುನೇಮ್ -ಎಂ’ ಎಂಬ ಆದೇಶವನ್ನು ಬಳಸುವ ರೂಢಿ ಹಲವರಲ್ಲಿದೆ. ಅದು ಹೇಳುವುದು ಕರ್ನೆಲ್ಲಿನ ವಿನ್ಯಾಸವನ್ನು. ರಾಸ್ಪ್‌ಬೆರಿ ಪೈಯಲ್ಲಿ 64 ಬಿಟ್ ಕರ್ನೆಲ್ಲಿನ ಮೇಲೆ 32 ಬಿಟ್ ತಂತ್ರಾಂಶ ನಡೆಯುತ್ತಿರುವುದು ಸಾಧ್ಯ. ಪ್ಯಾಕೇಜಿನ ವಿಚಾರ ಬಂದಾಗ ಡಿಪಿಕೆಜಿಯ ಮಾತನ್ನೇ ನಂಬಿ.

ಎರಡು ವಿನ್ಯಾಸ, ಒಂದೇ ಸೂರು

ಒಂದೇ ಲೈಬ್ರರಿಯ ಎರಡು ರೂಪಗಳನ್ನು ಒಂದೇ ಗಣಕದಲ್ಲಿ ಇಡಲು ಮೊದಲಿನ ತೊಡಕು ಜಾಗದ್ದು. ಎರಡಕ್ಕೂ ಹೆಸರು ಒಂದೇ, ಕೋಶವೂ ಒಂದೇ ಆದರೆ ಒಂದು ಇನ್ನೊಂದನ್ನು ಅಳಿಸುತ್ತದೆ. 32 ಮತ್ತು 64 ಬಿಟ್‌ಗಳಿಗಾಗಿ ‘ಲಿಬ್’, ‘ಲಿಬ್64’ ಎಂಬ ಎರಡು ಕೋಶಗಳನ್ನು ಮಾಡುವ ಪದ್ಧತಿ ಬಂತು. ಆದರೆ ಆರ್ಮ್64 ಕೂಡ 64 ಬಿಟ್ಟಿನದೇ. ಅದನ್ನು ಎಲ್ಲಿ ಇಡುವುದು?

ಡೆಬಿಯನ್ ಮತ್ತು ಉಬುಂಟು ಕಂಡುಕೊಂಡ ಪರಿಹಾರ ‘ಮಲ್ಟಿಆರ್ಚ್’. ಇದರಲ್ಲಿ ಪ್ರತಿ ವಿನ್ಯಾಸಕ್ಕೂ ಅದರ ಪೂರ್ಣ ಹೆಸರಿನದೇ ಕೋಶ. ಎಎಂಡಿ64 ಲೈಬ್ರರಿಗಳು ‘ಎಕ್ಸ್86_64-ಲಿನಕ್ಸ್-ಗ್ನೂ’ ಎಂಬ ಕೋಶದಲ್ಲಿ, ಆರ್ಮ್64 ಲೈಬ್ರರಿಗಳು ‘ಎಆರ್ಚ್64-ಲಿನಕ್ಸ್-ಗ್ನೂ’ ಎಂಬ ಕೋಶದಲ್ಲಿ. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಉಬುಂಟು 2011ರಲ್ಲಿ, ಡೆಬಿಯನ್ 2013ರ ತನ್ನ 7ನೆಯ ಆವೃತ್ತಿಯಲ್ಲಿ ಇದನ್ನು ಅಳವಡಿಸಿಕೊಂಡವು.

ಎರಡನೆಯ ವಿನ್ಯಾಸವನ್ನು ಸೇರಿಸಲು ‘ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಆರ್ಮ್64’ ಎಂಬ ಆದೇಶ ಕೊಡಬೇಕು. ಬಳಿಕ ಪ್ಯಾಕೇಜಿನ ಹೆಸರಿನ ಮುಂದೆ ಎರಡು ಚುಕ್ಕೆ ಇಟ್ಟು ವಿನ್ಯಾಸವನ್ನು ಹೇಳಬಹುದು. ಉದಾಹರಣೆಗೆ, ಜಿಎಸ್‌ಎಲ್ ಎಂಬ ವೈಜ್ಞಾನಿಕ ಗಣಿತ ಲೈಬ್ರರಿಯ ಆರ್ಮ್ ರೂಪ ಬೇಕಾದರೆ ‘ಲಿಬ್‌ಜಿಎಸ್‌ಎಲ್-ಡೆವ್:ಆರ್ಮ್64’ ಎಂದು ಕೇಳಬೇಕು. ಚುಕ್ಕೆ, ಹೆಸರು ಬರೆಯದಿದ್ದರೆ ಗಣಕದ ಸ್ವಂತ ವಿನ್ಯಾಸದ ಪ್ಯಾಕೇಜು ಬರುತ್ತದೆ.

404 ಏಕೆ ಬರುತ್ತದೆ?

ಡೆಬಿಯನ್‌ನ ಅಧಿಕೃತ ವಿನ್ಯಾಸಗಳೆಲ್ಲ ಒಂದೇ ಭಂಡಾರದಲ್ಲಿವೆ. ಅಲ್ಲಿ ಮೇಲಿನ ಆದೇಶದ ಬಳಿಕ ‘ಆಪ್ಟ್ ಅಪ್‌ಡೇಟ್’ ಎಂದರೆ ಕೆಲಸ ಮುಗಿಯಿತು. ಉಬುಂಟುವಿನ 22.04, 24.04 ಆವೃತ್ತಿಗಳಲ್ಲಿ ವ್ಯವಸ್ಥೆ ಬೇರೆ. ಎಎಂಡಿ64 ಮತ್ತು ಐ386 ಪ್ಯಾಕೇಜುಗಳು ‘ಆರ್ಕೈವ್.ಉಬುಂಟು.ಕಾಮ್’ ಎಂಬ ಮುಖ್ಯ ಭಂಡಾರದಲ್ಲಿವೆ. ಆರ್ಮ್64, ರಿಸ್ಕ್‌ವಿ64 ಮೊದಲಾದ ಉಳಿದವು ‘ಪೋರ್ಟ್ಸ್.ಉಬುಂಟು.ಕಾಮ್’ ಎಂಬ ಇನ್ನೊಂದರಲ್ಲಿವೆ. ಮುಖ್ಯ ಭಂಡಾರದ ಪ್ರತಿಗಳನ್ನು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳೂ ಸಂಸ್ಥೆಗಳೂ ಇಟ್ಟುಕೊಳ್ಳುತ್ತವೆ. ಹೆಚ್ಚು ಜನ ಬಳಸದ ವಿನ್ಯಾಸಗಳನ್ನು ಬೇರೆ ಇಟ್ಟರೆ ಅವರಿಗೆ ಡಿಸ್ಕಿನ ಜಾಗ ಉಳಿಯುತ್ತದೆ.

ಈಗ ಒಂದು ಸೂಕ್ಷ್ಮ ಗಮನಿಸಿ. ಭಂಡಾರಗಳು ಎರಡಾದರೂ ರಿಲೀಸ್ ಕಡತದಲ್ಲಿ ಎಲ್ಲ ವಿನ್ಯಾಸಗಳ ಹೆಸರೂ ಇದೆ. ಆರ್ಮ್64 ಸೇರಿಸಿದ ಗಣಕ ಮುಖ್ಯ ಭಂಡಾರದ ರಿಲೀಸ್ ಕಡತವನ್ನು ಓದುತ್ತದೆ. ಅದರಲ್ಲಿ ಆರ್ಮ್64 ಇರುವುದನ್ನು ಕಂಡು, ಆ ಪಟ್ಟಿಯನ್ನು ಅಲ್ಲೇ ಕೇಳುತ್ತದೆ. ಪಟ್ಟಿ ಅಲ್ಲಿಲ್ಲ. ಸರ್ವರ್ ‘404’ ಎನ್ನುತ್ತದೆ, ಅಂದರೆ ಕೇಳಿದ ಕಡತ ಇಲ್ಲಿಲ್ಲ ಎಂದರ್ಥ. ಭಂಡಾರ ಕೆಟ್ಟಿಲ್ಲ, ಅಂತರಜಾಲವೂ ಕೆಟ್ಟಿಲ್ಲ. ಗಣಕ ತಪ್ಪು ಬಾಗಿಲನ್ನು ತಟ್ಟಿದೆ, ಅಷ್ಟೆ.

ಇನ್ನೊಂದು ಸಂದೇಶವೂ ಬರುವುದುಂಟು: ಈ ಭಂಡಾರ ಇಂಥ ವಿನ್ಯಾಸವನ್ನು ಬೆಂಬಲಿಸುವುದಿಲ್ಲ, ಆದ್ದರಿಂದ ಆ ಪಟ್ಟಿಯನ್ನು ಬಿಟ್ಟಿದ್ದೇನೆ ಎಂದು ಆಪ್ಟ್ ತಿಳಿಸುತ್ತದೆ. ಬ್ರೌಸರ್ ಮೊದಲಾದುವಕ್ಕಾಗಿ ನಾವು ಸೇರಿಸಿಕೊಳ್ಳುವ ಖಾಸಗಿ ಭಂಡಾರಗಳಲ್ಲಿ ಹೀಗಾಗುತ್ತದೆ. ಅವುಗಳ ರಿಲೀಸ್ ಕಡತದಲ್ಲೇ ಆ ವಿನ್ಯಾಸದ ಹೆಸರಿಲ್ಲ. ಇದು ಬರಿಯ ತಿಳಿವಳಿಕೆ, ಹಿಂದಿನದು ದೋಷ.

ದೋಷವನ್ನು ಕಡೆಗಣಿಸಿದರೆ ಏನಾಗುತ್ತದೆ? ಪಟ್ಟಿ ತರಲಾಗದಿದ್ದಾಗ ಆಪ್ಟ್ ‘ಹಳೆಯ ಪಟ್ಟಿಯನ್ನೇ ಬಳಸಿದ್ದೇನೆ’ ಎಂದು ಹೇಳಿ ಮುಂದುವರಿಯುತ್ತದೆ. ಹಳೆಯ ಪಟ್ಟಿಯಲ್ಲಿ ಹೊಸ ಭದ್ರತಾ ತಿದ್ದುಪಡಿಗಳ ಸುಳಿವಿರುವುದಿಲ್ಲ. ದಿನವೂ ಕಾಣುವ ಕೆಂಪು ಸಾಲುಗಳಿಗೆ ಕಣ್ಣು ಒಗ್ಗಿಹೋದ ಮೇಲೆ, ತಿದ್ದುಪಡಿ ಬಾರದಿರುವುದು ಯಾರ ಗಮನಕ್ಕೂ ಬಾರದೆ ತಿಂಗಳುಗಳು ಕಳೆಯಬಹುದು.

ಪ್ರತಿ ಮೂಲಕ್ಕೂ ವಿನ್ಯಾಸದ ಹೆಸರು

ಪರಿಹಾರ ಸರಳ. ಪ್ರತಿ ಭಂಡಾರದ ವಿವರದಲ್ಲೂ ಅದರಿಂದ ಯಾವ ವಿನ್ಯಾಸವನ್ನು ತರಬೇಕು ಎಂಬುದನ್ನು ಬರೆಯಿರಿ. ಉಬುಂಟು 24.04ರಲ್ಲಿ ಈ ವಿವರಗಳು ‘ಉಬುಂಟು.ಸೋರ್ಸಸ್’ ಎಂಬ ಕಡತದಲ್ಲಿ ಇರುತ್ತವೆ. ಅದರಲ್ಲಿ ಎರಡು ಭಾಗಗಳಿವೆ: ಒಂದು ಮುಖ್ಯ ಭಂಡಾರದ್ದು, ಇನ್ನೊಂದು ಭದ್ರತಾ ಭಂಡಾರದ್ದು. ಎರಡಕ್ಕೂ ಈ ಸಾಲು ಸೇರಿಸಿ:

ಆರ್ಕಿಟೆಕ್ಚರ್ಸ್: ಎಎಂಡಿ64

32 ಬಿಟ್ ತಂತ್ರಾಂಶವನ್ನೂ ಬಳಸುತ್ತಿದ್ದರೆ ಮುಂದೆ ಒಂದು ಸ್ಥಳ ಬಿಟ್ಟು ಐ386 ಎಂದೂ ಬರೆಯಿರಿ. ಬಳಿಕ ಅದೇ ಕಡತದಲ್ಲಿ, ಒಂದು ಖಾಲಿ ಸಾಲು ಬಿಟ್ಟು, ಮೂರನೆಯ ಭಾಗವನ್ನು ಸೇರಿಸಿ:

ಟೈಪ್ಸ್: ಡೆಬ್
ಯುಆರ್‌ಐಸ್: ಎಚ್‌ಟಿಟಿಪಿ://ಪೋರ್ಟ್ಸ್.ಉಬುಂಟು.ಕಾಮ್/ಉಬುಂಟು-ಪೋರ್ಟ್ಸ್
ಸ್ಯೂಟ್ಸ್: ನೋಬಲ್ ನೋಬಲ್-ಅಪ್‌ಡೇಟ್ಸ್ ನೋಬಲ್-ಸೆಕ್ಯುರಿಟಿ
ಕಾಂಪೊನೆಂಟ್ಸ್: ಮೇನ್ ಯೂನಿವರ್ಸ್
ಆರ್ಕಿಟೆಕ್ಚರ್ಸ್: ಆರ್ಮ್64

ಕೊನೆಯಲ್ಲಿ ಮೇಲಿನ ಭಾಗಗಳಲ್ಲಿರುವ ‘ಸೈನ್ಡ್-ಬೈ’ ಸಾಲನ್ನು ಇದ್ದಂತೆಯೇ ನಕಲು ಮಾಡಿ. ಎರಡು ಭಂಡಾರಗಳಿಗೂ ಉಬುಂಟುವಿನ ಅದೇ ಸಹಿ ಇರುವುದರಿಂದ ಹೊಸ ಬೀಗದ ಕೈ ಬೇಕಿಲ್ಲ. ‘ನೋಬಲ್’ ಎಂಬುದು 24.04 ಆವೃತ್ತಿಯ ಅಡ್ಡಹೆಸರು. 22.04ರಲ್ಲಿ ವಿವರಗಳು ‘ಸೋರ್ಸಸ್.ಲಿಸ್ಟ್’ ಕಡತದಲ್ಲಿ ಒಂದೊಂದು ಸಾಲಾಗಿರುತ್ತವೆ. ಅಲ್ಲಿ ‘ಡೆಬ್’ ಎಂಬುದರ ಮುಂದೆ ಚೌಕ ಆವರಣದಲ್ಲಿ ‘ಆರ್ಚ್=ಎಎಂಡಿ64’ ಎಂದು ಬರೆಯಬೇಕು.

ಸಾಮಾನ್ಯವಾಗಿ ಮರೆಯುವುದು ಭದ್ರತಾ ಭಂಡಾರದ ಭಾಗವನ್ನು. ಅದಕ್ಕೆ ವಿನ್ಯಾಸದ ಹೆಸರು ಬರೆಯದಿದ್ದರೆ 404 ಮತ್ತೆ ಬರುತ್ತದೆ. ಸಂದೇಶ ನಿಲ್ಲಲಿ ಎಂದು ಆ ಭಾಗವನ್ನೇ ಅಳಿಸುವುದು ಜ್ವರ ಕಾಣಬಾರದೆಂದು ಉಷ್ಣತಾಮಾಪಕವನ್ನು ಒಡೆದಂತೆ. ಸಹಿಯ ಬಗ್ಗೆ ದೂರು ಬಂದಾಗ ‘ಟ್ರಸ್ಟೆಡ್’ ಎಂದು ಬರೆದು ಬಾಯಿ ಮುಚ್ಚಿಸುವುದೂ ಇದೇ ಬಗೆಯದು. ಆಗ ಮೇಲೆ ಹೇಳಿದ ಇಡೀ ತಪಾಸಣೆಯ ಸರಪಳಿ ವ್ಯರ್ಥವಾಗುತ್ತದೆ.

ಮತ್ತೊಂದು ಮಾತು. ಮೇಜುಗಣಕದಲ್ಲಿ ಉಬುಂಟು 24.04 ಇದ್ದರೆ ಪೈ ಫಲಕದಲ್ಲೂ ಅದೇ ಆವೃತ್ತಿಯ ಆರ್ಮ್64 ರೂಪವನ್ನು ಇಡಿ. ಹೊಸ ಆವೃತ್ತಿಯ ಲೈಬ್ರರಿಗಳೊಡನೆ ಸಿದ್ಧಪಡಿಸಿದ ಪ್ರೋಗ್ರಾಮು ಹಳೆಯ ಆವೃತ್ತಿಯಲ್ಲಿ ತನಗೆ ಬೇಕಾದದ್ದು ಸಿಗದೆ ನಿಲ್ಲಬಹುದು.

ಆವೃತ್ತಿಗಳು ಹೊಂದದಿದ್ದರೆ

ಎರಡು ವಿನ್ಯಾಸಗಳಲ್ಲೂ ಒಟ್ಟಿಗೆ ಇರಬಲ್ಲ ಲೈಬ್ರರಿಯ ವಿವರಗಳಲ್ಲಿ ‘ಮಲ್ಟಿ-ಆರ್ಚ್: ಸೇಮ್’ ಎಂದು ಬರೆದಿರುತ್ತದೆ. ಇವುಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎರಡೂ ರೂಪಗಳ ಆವೃತ್ತಿ ಸಂಖ್ಯೆ ಒಂದೇ ಆಗಿರಬೇಕು. ದಾಖಲೆಗಳಂಥ ಕೆಲವು ಕಡತಗಳನ್ನು ಎರಡೂ ಹಂಚಿಕೊಳ್ಳುತ್ತವೆ. ಅವು ಅಕ್ಷರಶಃ ಒಂದೇ ಆಗಿರಬೇಕಾದ್ದರಿಂದ ಈ ನಿಯಮ. ‘ಸೆಡ್’ನಂಥ ಉಪಕರಣಗಳಿಗೆ ‘ಫಾರಿನ್’ ಎಂಬ ಗುರುತು ಇರುತ್ತದೆ. ಅವುಗಳ ಉತ್ತರ ಯಾವ ಪ್ರೊಸೆಸರ್‌ನಲ್ಲಾದರೂ ಒಂದೇ. ಆದ್ದರಿಂದ ಯಾವುದಾದರೂ ಒಂದು ವಿನ್ಯಾಸದ್ದು ಇದ್ದರೆ ಸಾಕು.

ಎರಡು ಭಂಡಾರಗಳು ಒಂದೇ ಕ್ಷಣದಲ್ಲಿ ಬದಲಾಗುವುದಿಲ್ಲ. ಎಎಂಡಿ64 ಲೈಬ್ರರಿಯ ಹೊಸ ಆವೃತ್ತಿ ಬಂದು, ಆರ್ಮ್64ರದು ಇನ್ನೂ ಬಂದಿರದ ಹೊತ್ತಿನಲ್ಲಿ ನೀವು ಏನನ್ನಾದರೂ ಸ್ಥಾಪಿಸಲು ಹೋದರೆ ನಿಯಮ ಪಾಲಿಸಲು ಆಪ್ಟ್ ಒದ್ದಾಡುತ್ತದೆ. ಒಮ್ಮೊಮ್ಮೆ ಅದು ಕಂಡುಕೊಳ್ಳುವ ದಾರಿ ಇರುವ ಪ್ಯಾಕೇಜುಗಳನ್ನು ತೆಗೆದುಹಾಕುವುದು.

ಅವಲಂಬನೆಗಳು ಹೊಂದದಿದ್ದಾಗ ಏನಾಗಬಹುದು ಎಂಬುದನ್ನು 2021ರಲ್ಲಿ ಲಕ್ಷಾಂತರ ಮಂದಿ ನೋಡಿದರು. ಕೆನಡಾದ ಪ್ರಸಿದ್ಧ ಯೂಟ್ಯೂಬ್ ನಿರೂಪಕ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶವನ್ನು ಸ್ಥಾಪಿಸಲು ಹೊರಟರು. ಸ್ಟೀಮ್‌ಗೆ ಐ386 ಲೈಬ್ರರಿಗಳು ಬೇಕು. ಅವಲಂಬನೆಗಳು ಹೊಂದದೆ ಆಪ್ಟ್ ಡೆಸ್ಕ್‌ಟಾಪ್‌ನ ಪ್ಯಾಕೇಜುಗಳನ್ನೇ ತೆಗೆಯುವುದಾಗಿ ಹೇಳಿತು. ಎಚ್ಚರಿಕೆಯ ಸಾಲು ತೆರೆಯ ಮೇಲಿತ್ತು. ‘ನಾನು ಹೇಳಿದಂತೆ ಮಾಡು’ ಎಂಬ ಅರ್ಥದ ವಾಕ್ಯವನ್ನು ಪೂರ್ತಿಯಾಗಿ ಟೈಪು ಮಾಡಬೇಕೆಂದೂ ಅದು ಕೇಳಿತು. ಅವರು ಟೈಪು ಮಾಡಿದರು, ಡೆಸ್ಕ್‌ಟಾಪ್ ಮಾಯವಾಯಿತು. ಅದೇ ವರ್ಷ ಆಪ್ಟ್ ತಂತ್ರಾಂಶವನ್ನು ತಿದ್ದಿ, ಅತ್ಯಗತ್ಯ ಪ್ಯಾಕೇಜುಗಳನ್ನು ಇಷ್ಟು ಸುಲಭವಾಗಿ ತೆಗೆಯಲಾಗದಂತೆ ಮಾಡಿದರು.

ಹಾಗಾಗಿ ಎರಡನೆಯ ವಿನ್ಯಾಸದ ಪ್ಯಾಕೇಜನ್ನು ಸ್ಥಾಪಿಸುವ ಮುನ್ನ ‘ಆಪ್ಟ್ ಇನ್‌ಸ್ಟಾಲ್ -ಎಸ್’ ಎಂದು ಒಮ್ಮೆ ಕೊಟ್ಟುನೋಡಿ. ಇದು ತಾಲೀಮು ಮಾತ್ರ. ಏನು ಬರುತ್ತದೆ, ಏನು ಹೋಗುತ್ತದೆ ಎಂದು ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ‘ತೆಗೆಯಲಾಗುವುದು’ ಎಂಬ ಪಟ್ಟಿಯಲ್ಲಿ ನಿಮಗೆ ಬೇಕಾದ ಹೆಸರಿದ್ದರೆ ಮುಂದುವರಿಯಬೇಡಿ. ಭಂಡಾರಗಳು ಸಮವಾಗುವವರೆಗೆ ಕೆಲವು ಗಂಟೆ ಕಾದು, ‘ಆಪ್ಟ್ ಅಪ್‌ಡೇಟ್’ ಮಾಡಿ ಮತ್ತೆ ನೋಡಿ.

ಹೆಸರು ಒಂದೇ, ಅರ್ಥ ಎರಡು

ಚೀಟಿಯಲ್ಲಿ ಹೆಸರು ಸರಿಯಿದ್ದೂ ತಪ್ಪಾಗುವ ಒಂದು ಸಂದರ್ಭವಿದೆ. ಡೆಬಿಯನ್‌ನ ಆರ್ಮ್‌ಎಚ್‌ಎಫ್ ಎಂದರೆ ಆರ್ಮ್‌ನ 7ನೆಯ ತಲೆಮಾರಿನ ಸೂಚನಾ ಸಮೂಹ. ಆದರೆ 2012ರ ಮೊದಲ ರಾಸ್ಪ್‌ಬೆರಿ ಪೈಯಲ್ಲಿದ್ದುದು 6ನೆಯ ತಲೆಮಾರಿನ ಪ್ರೊಸೆಸರ್. ಅದಕ್ಕಾಗಿ ಎಲ್ಲ ಪ್ಯಾಕೇಜುಗಳನ್ನೂ ಮತ್ತೆ ಕಂಪೈಲ್ ಮಾಡಿ ರಾಸ್ಪಿಯನ್ ಎಂಬ ಭಂಡಾರವನ್ನು ಕಟ್ಟಿದರು. ಹೆಸರನ್ನು ಮಾತ್ರ ಆರ್ಮ್‌ಎಚ್‌ಎಫ್ ಎಂದೇ ಉಳಿಸಿಕೊಂಡರು.

ಮೊದಲ ಪೈ ಅಥವಾ ಮೊದಲ ತಲೆಮಾರಿನ ಪೈ ಜೀರೋ ಫಲಕಕ್ಕೆ ಡೆಬಿಯನ್‌ನ ಆರ್ಮ್‌ಎಚ್‌ಎಫ್ ಭಂಡಾರವನ್ನು ಸೇರಿಸಿದರೆ ಆಪ್ಟ್ ಒಂದು ಮಾತೂ ಆಡುವುದಿಲ್ಲ. ಪ್ಯಾಕೇಜು ಸರಿಯಾಗಿಯೇ ಸ್ಥಾಪಿತವಾಗುತ್ತದೆ. ಇಎಲ್‌ಎಫ್ ಸಂಕೇತವೂ ಹೊಂದುತ್ತದೆ. ಆದರೆ ಪ್ರೋಗ್ರಾಮು ನಡೆಯುತ್ತ ತನಗೆ ಗೊತ್ತಿಲ್ಲದ ಸೂಚನೆಯೊಂದು ಬಂದೊಡನೆ ಪ್ರೊಸೆಸರ್ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಲ್ಲುತ್ತದೆ. ಸಿ ಲೈಬ್ರರಿಯಂಥ ಮೂಲಭೂತ ಪ್ಯಾಕೇಜು ಹೀಗೆ ಬದಲಾದರೆ ಯಾವ ಆದೇಶವೂ ನಡೆಯದು. ಚೀಟಿಯ ಮೇಲಿನ ಹೆಸರಿನ ಜೊತೆಗೆ ಅದನ್ನು ಬರೆದವರು ಯಾರು ಎಂಬುದನ್ನೂ ಗಮನಿಸಬೇಕು.

ಪ್ರಯೋಗಾಲಯಕ್ಕೊಂದು ಭಂಡಾರ

ಹತ್ತು ಫಲಕಗಳೂ ಅದೇ ಪ್ಯಾಕೇಜನ್ನು ಅಂತರಜಾಲದಿಂದ ಹತ್ತು ಸಲ ತರುವುದು ದಂಡ. ‘ಆಪ್ಟ್-ಕ್ಯಾಷರ್-ಎನ್‌ಜಿ’ ಎಂಬ ತಂತ್ರಾಂಶವನ್ನು ಒಂದು ಗಣಕದಲ್ಲಿ ಇಟ್ಟರೆ, ಒಮ್ಮೆ ಬಂದ ಪ್ಯಾಕೇಜನ್ನು ಅದು ಉಳಿಸಿಕೊಂಡು ಇತರ ಗಣಕಗಳಿಗೆ ಕೊಡುತ್ತದೆ. ಕಡತದ ಹೆಸರಿನಲ್ಲೇ ವಿನ್ಯಾಸ ಇರುವುದರಿಂದ ಎಎಂಡಿ64, ಆರ್ಮ್64 ಎರಡನ್ನೂ ಗೊಂದಲವಿಲ್ಲದೆ ಇಟ್ಟುಕೊಳ್ಳುತ್ತದೆ.

ನೀವೇ ಬರೆದ ಪ್ರೋಗ್ರಾಮುಗಳನ್ನು ಹಂಚಲು ‘ರೆಪ್ರೆಪ್ರೊ’ ಎಂಬ ಉಪಕರಣದಿಂದ ಸ್ವಂತ ಭಂಡಾರವನ್ನೇ ಕಟ್ಟಬಹುದು. ಅದರ ‘ಡಿಸ್ಟ್ರಿಬ್ಯೂಷನ್ಸ್’ ಕಡತದಲ್ಲಿ ‘ಆರ್ಕಿಟೆಕ್ಚರ್ಸ್: ಎಎಂಡಿ64 ಆರ್ಮ್64 ಸೋರ್ಸ್’ ಎಂದು ಬರೆದರೆ ಪೂಲ್, ಡಿಸ್ಟ್ಸ್, ರಿಲೀಸ್ ಎಲ್ಲವನ್ನೂ ಅದೇ ಸಿದ್ಧಪಡಿಸುತ್ತದೆ, ‘ಆಲ್’ ಪ್ಯಾಕೇಜುಗಳನ್ನು ಎರಡೂ ಪಟ್ಟಿಗಳಲ್ಲಿ ಸೇರಿಸುತ್ತದೆ. ನಿಮ್ಮಲ್ಲಿ ನಿಜವಾಗಿ ಪ್ಯಾಕೇಜುಗಳಿರುವ ವಿನ್ಯಾಸಗಳನ್ನು ಮಾತ್ರ ಇಲ್ಲಿ ಹೆಸರಿಸಿ.

ಬದಲಾಗುತ್ತಿರುವ ಪಟ್ಟಿ

ಯಾವ ವಿನ್ಯಾಸಗಳಿಗೆ ಬೆಂಬಲ ಎಂಬುದು ಶಾಶ್ವತವಲ್ಲ. ಡೆಬಿಯನ್ ಒಂದಕ್ಕಿಂತ ಹೆಚ್ಚು ವಿನ್ಯಾಸಗಳಿಗೆ ಮೊದಲು ಬಿಡುಗಡೆಯಾದದ್ದು 1998ರ 2.0 ಆವೃತ್ತಿಯಲ್ಲಿ. ಆಗ ಇದ್ದುವು ಐ386 ಮತ್ತು ಮೋಟರೋಲಾ 68000 ಸರಣಿ. 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಲ್ಲಿ ರಿಸ್ಕ್‌ವಿ64 ಮೊದಲ ಬಾರಿಗೆ ಅಧಿಕೃತವಾಗಿ ಸೇರಿತು. ಚೆನ್ನೈನ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ಈ ರಿಸ್ಕ್-ವಿ ಸೂಚನಾ ಸಮೂಹವನ್ನು ಆಧರಿಸಿದುವು ಎಂಬುದು ನಮಗೆ ಆಸಕ್ತಿಯ ವಿಷಯ. ಅದೇ ಆವೃತ್ತಿಯಲ್ಲಿ ಐ386ಕ್ಕೆ ಕರ್ನೆಲ್ಲೂ ಇಲ್ಲ, ಸ್ಥಾಪಕವೂ ಇಲ್ಲ. ಎಎಂಡಿ64 ಗಣಕದಲ್ಲಿ ಹಳೆಯ 32 ಬಿಟ್ ತಂತ್ರಾಂಶ ನಡೆಸಲು ಬೇಕಾದ ಪ್ಯಾಕೇಜುಗಳಷ್ಟೇ ಉಳಿದಿವೆ. ಹಳೆಯ 32 ಬಿಟ್ ಗಣಕಗಳನ್ನು ಇನ್ನೂ ನಡೆಸುತ್ತಿರುವ ಶಾಲೆ ಕಾಲೇಜುಗಳು ಹೊಸ ಆವೃತ್ತಿಗೆ ಹೋಗುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಬೇಡವಾದ ವಿನ್ಯಾಸವನ್ನು ತೆಗೆಯುವುದೂ ಸಾಧ್ಯ. ಆ ವಿನ್ಯಾಸದ ಪ್ಯಾಕೇಜುಗಳನ್ನೆಲ್ಲ ಮೊದಲು ತೆಗೆದು, ಆಮೇಲೆ ‘ಡಿಪಿಕೆಜಿ --ರಿಮೂವ್-ಆರ್ಕಿಟೆಕ್ಚರ್’ ಎಂಬ ಆದೇಶ ಕೊಡಬೇಕು. ಒಂದು ಪ್ಯಾಕೇಜು ಉಳಿದಿದ್ದರೂ ಡಿಪಿಕೆಜಿ ಒಪ್ಪುವುದಿಲ್ಲ.

ನಿಮ್ಮ ಗಣಕದ ಭಂಡಾರಗಳ ಕಡತವನ್ನು ಇಂದು ಒಮ್ಮೆ ತೆರೆದು ನೋಡಿ. ಪ್ರತಿ ಮೂಲದ ಬಗ್ಗೆಯೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಯಾವ ವಿನ್ಯಾಸಗಳ ಪ್ಯಾಕೇಜುಗಳಿವೆ? ನನಗೆ ಇದರಿಂದ ಯಾವುದು ಬೇಕು? ಸಹಿ ಯಾರದು? ಮೂರಕ್ಕೂ ಉತ್ತರ ಕಡತದಲ್ಲೇ ಬರೆದಿದ್ದರೆ ಗಣಕ ಊಹೆ ಮಾಡಬೇಕಾದ ಪ್ರಸಂಗವೇ ಬರುವುದಿಲ್ಲ. ಬಳಿಕ ‘ಆಪ್ಟ್ ಅಪ್‌ಡೇಟ್’ ಕೊಡಿ. ಅದು ಒಂದೂ ದೋಷ ತೋರಿಸದೆ ಮುಗಿಯುವಂತೆ ನೋಡಿಕೊಂಡರೆ, ಮುಂದೆ ಎಂದಾದರೂ ನಿಜವಾದ ದೋಷ ಕಾಣಿಸಿಕೊಂಡಾಗ ಅದು ನಿಮ್ಮ ಕಣ್ಣಿಗೆ ಬೀಳುತ್ತದೆ.